ನಿಲ್ಲಿಸುವ ಸಾಲು

"ಕತ್ತರಿ ಬಿಡು, ದೊಡ್ಡಮ್ಮ! ಬಿಡು ಅಂದೆ!"

ಹಂಪಮ್ಮ ಬಿಡಲಿಲ್ಲ. ಅವಳ ಎಡಗೈ ನಾಗವೇಣಿಯ ದುಪಟ್ಟಾದ ಅಂಚನ್ನು ಒಳಕ್ಕೆ ಮಡಿಚಿತು, ಹೆಬ್ಬೆರಳಿನಿಂದ ಒತ್ತಿತು, ಕಾಲು ಸುತ್ತು ತಿರುಗಿಸಿತು, ಎದುರಿಗೆ ಇಲ್ಲದ ಸೂಜಿಯ ಕಡೆಗೆ ತಳ್ಳಿತು. ಬಲಗೈಯಲ್ಲಿದ್ದ ದಾರ ಕತ್ತರಿಸುವ ಪುಟ್ಟ ಕತ್ತರಿ ಕಚ್ ಎಂದಿತು. ಹಸಿರು ಬಟ್ಟೆಯ ಚೂರೊಂದು ನೆಲಕ್ಕೆ ಬಿತ್ತು. ಮತ್ತೆ ಮಡಿಕೆ, ಮತ್ತೆ ಒತ್ತು, ಮತ್ತೆ ಕಚ್. ದುಪಟ್ಟಾದ ಇನ್ನೊಂದು ತುದಿ ನಾಗವೇಣಿಯ ಕೊರಳನ್ನು ಸುತ್ತಿಕೊಂಡಿತ್ತು. ಕತ್ತರಿ ಒಂದೊಂದು ಬೆರಳಷ್ಟೇ ಕೊರಳ ಕಡೆಗೆ ಮೇಲೇರುತ್ತಿತ್ತು.

"ನಾನಲ್ಲ, ವೇಣಿ." ಹಂಪಮ್ಮನ ದನಿ ಅಳುವಿಗೆ ತಿರುಗಿತ್ತು. "ನಿನ್ನಾಣಿ, ನಾನು ಮಾಡಾಕ ಹತ್ತಿಲ್ಲ. ಕೈ ತಾವಾ ಮಾಡಾಕ ಹತ್ಯಾವ."

ನಾಗವೇಣಿ ತಲೆ ಬಗ್ಗಿಸಿ ದುಪಟ್ಟಾದಿಂದ ನುಸುಳಿಕೊಂಡಳು. ದೊಡ್ಡಮ್ಮನ ಎರಡೂ ಮಣಿಕಟ್ಟು ಹಿಡಿದು ನೆಲಕ್ಕೆ ಒತ್ತಿದಳು. ಅರವತ್ತರ ಹತ್ತಿರ ಬಂದ ಹೆಂಗಸಿನ ಕೈಗೆ ಅಷ್ಟು ಬಲ ಎಲ್ಲಿಂದ ಬಂದಿತ್ತೋ, ಅವಳ ಹಿಡಿತದೊಳಗೇ ಬೆರಳುಗಳು ಮಡಿಚುತ್ತಿದ್ದವು, ಒತ್ತುತ್ತಿದ್ದವು. ಕೊನೆಗೆ ಕಾಲಲ್ಲಿ ದುಪಟ್ಟಾವನ್ನು ದೂರ ಎಳೆದು ಬಿಸಾಡಿದ ಮೇಲೆ ಅವು ಗಾಳಿಯನ್ನೇ ಎರಡು ಸಲ ಮಡಿಚಿ, ಸುಮ್ಮನಾದವು. ಹಂಪಮ್ಮ ಕತ್ತರಿ ಬಿಟ್ಟು ಗೋಡೆಗೊರಗಿದಳು. ತನ್ನ ಕೈಗಳನ್ನು ಅವಳು ನೋಡಿದ್ದು, ಒಳಮನೆಗೆ ನುಗ್ಗಿದ ಬೀದಿನಾಯಿಗಳನ್ನು ನೋಡುವಂತೆ.

ಹೊರಗಿನ ಕಟ್ಟೆಯಲ್ಲಿ ಪೇಪರು ಓದುತ್ತಿದ್ದ ಅವಳ ಗಂಡ ಪಂಪಣ್ಣ ಬಾಗಿಲಿಗೆ ಬಂದ. "ಏನದು ಗದ್ದಲ? ಆಯಿತವಾರ ಒಂದಿನಾನೂ ಹೊಲಿಗಿ ಬಿಡಂಗಿಲ್ಲೇನು ಈ ಮನ್ಯಾಗ?"

ನಾಗವೇಣಿ ದೊಡ್ಡಮ್ಮನ ಬಲಗೈ ಬಳೆಗೆ ಕೈಹಾಕಿದಳು. ಹಂಪಮ್ಮ ಸುಟ್ಟುಕೊಂಡವಳಂತೆ ಕೈ ಹಿಂದಕ್ಕೆಳೆದುಕೊಂಡಳು.

"ಬಳಿಗೆ ಕೈ ಹಚ್ಚಬ್ಯಾಡ. ನಿಮ್ಮ ದೊಡ್ಡಪ್ಪ ಇನ್ನೂ ಗುಂಡುಕಲ್ಲಿನಂಗ ಅದಾನ."

"ದೊಡ್ಡಮ್ಮ, ಅದು ಬಳೆ ಅಲ್ಲ!"

"ಮುಂಗೈಗೆ ಹಾಕಿದ ಮ್ಯಾಲೆ ಬಳಿನಾ."

ಆಗ ನಾಗವೇಣಿಗೆ, ಹನ್ನೊಂದು ತಿಂಗಳ ಹಿಂದೆ ತಾನೇ ಟೈಪು ಮಾಡಿದ ಒಂದು ವಾಕ್ಯ ಕಣ್ಣೆದುರು ಬಂದು ನಿಂತಿತು: ಕೆಲಸ ಮುಗಿದ ಮೇಲೆ ಬಳಕೆದಾರರು ಪಟ್ಟಿಯನ್ನು ಬಿಚ್ಚಿಡುತ್ತಾರೆ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯದ ಓಣಿ ಕಡಿಮೆ. ಯಾರೋ ಕತ್ತರಿಸಿ ಕೊಡುತ್ತಾರೆ, ಮನೆಮನೆಯಲ್ಲಿ ಒಬ್ಬಳು ಜೇಬು ಹೊಲಿಯುತ್ತಾಳೆ, ಒಬ್ಬಳು ದಾರ ಕತ್ತರಿಸುತ್ತಾಳೆ, ಒಬ್ಬಳು ಗುಂಡಿ ಹಾಕುತ್ತಾಳೆ. ತಾಯಿಯಿಲ್ಲದ ನಾಗವೇಣಿಯನ್ನು ಸಾಕಿ, ಇಂಜಿನಿಯರಿಂಗ್ ಓದಿಸಿದ್ದು ಹಂಪಮ್ಮ ಹೊಲಿದ ಜೇಬುಗಳೇ. ಸಂಜೆಯಾದರೆ ಅವಳ ಬೆರಳು ಸೆಟೆದುಕೊಳ್ಳುತ್ತಿದ್ದವು, ಕುತ್ತಿಗೆ ತಿರುಗುತ್ತಿರಲಿಲ್ಲ. ಅದನ್ನು ನೋಡಿಯೇ ನಾಗವೇಣಿ ಈ ಕಂಪನಿಯ ಕೆಲಸ ಒಪ್ಪಿಕೊಂಡದ್ದು.

ಕಂಪನಿ ಮಾಡಿದ್ದು ಒಂದು ಕೈಪಟ್ಟಿ, ಅದಕ್ಕೊಂದು ಆಪ್. ಹೆಸರು ಕೈನೆರವು; ಆಪಿನ ಕೋಡ್ ಬರೆದವಳು ನಾಗವೇಣಿ. ಮಿದುಳಿನಿಂದ ಬೆರಳಿಗೆ ಹೋಗುವ ಅಪ್ಪಣೆಗಳೆಲ್ಲ ಮಣಿಕಟ್ಟಿನ ನರಗಳನ್ನು ಹಾದೇ ಹೋಗಬೇಕು. ಮೊದಲ ವಾರ ಪಟ್ಟಿ ಅವನ್ನು ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಎಂಟನೆಯ ದಿನದಿಂದ ಅದೇ ಅಪ್ಪಣೆಯನ್ನು ತಾನೇ ಕೊಡುತ್ತದೆ. ಕೈ ತನ್ನ ಪಾಡಿಗೆ ಹೊಲಿಯುತ್ತದೆ, ಹೆಂಗಸು ತನ್ನ ಪಾಡಿಗೆ ಧಾರಾವಾಹಿ ನೋಡುತ್ತಾಳೆ, ಹರಟುತ್ತಾಳೆ. ಆಪ್ ತೆರೆದು "ಶುರು" ಒತ್ತಿದರೆ ಸಾಕು, ಫೋನಿನೊಳಗೆ ಒಂದು ಬ್ಯಾಕ್‌ಗ್ರೌಂಡ್ ಸರ್ವೀಸ್ ಎದ್ದು ಕೂರುತ್ತಿತ್ತು. ಪರದೆ ಮುಚ್ಚಿದರೂ ಅದು ಮುಚ್ಚುವುದಿಲ್ಲ. ಫೋನಿನಲ್ಲಿ ಹಾಡು ಹಚ್ಚಿ ಜೇಬಿಗಿಟ್ಟುಕೊಂಡರೂ ಹಾಡು ನಡೆಯುತ್ತದಲ್ಲ, ಹಾಗೆ.

ಮೊದಮೊದಲು ಅದು ಸಾಯುತ್ತಿತ್ತು. ಅಗ್ಗದ ಫೋನುಗಳು ಬ್ಯಾಟರಿ ಉಳಿಸಲು ಹಿಂದೆ ನಡೆಯುವ ಕೆಲಸಗಳನ್ನು ಹಿಸುಕಿ ಹಾಕುತ್ತವೆ. ಹೊಲಿಗೆಯ ನಡುವೆ ಸರ್ವೀಸ್ ಸತ್ತು ಕೈ ನಿಂತುಬಿಟ್ಟರೆ, ಮೆಷಿನ್ನು ನಿಲ್ಲುವುದಿಲ್ಲ. ಒಬ್ಬಳ ಬೆರಳಿಗೆ ಸೂಜಿ ಹೊಕ್ಕಿತು. ಆ ದಿನವೇ ನಾಗವೇಣಿ ಕೋಡಿಗೆ ಒಂದು ಸಾಲು ಸೇರಿಸಿದಳು: ಯಾರೇ ಕೊಂದರೂ ಸರ್ವೀಸ್ ತಾನೇ ಮತ್ತೆ ಏಳಬೇಕು. ಫೋನಿನ ಮೇಲ್ಪಟ್ಟಿಯಲ್ಲಿ "ಕೈನೆರವು ನಡೆಯುತ್ತಿದೆ" ಎಂಬ ಸೂಚನೆ ಧಾರಾವಾಹಿಗೆ ಅಡ್ಡ ಬರುತ್ತದೆಂದು ಹೆಂಗಸರು ಗೊಣಗಿದರು. ಅದನ್ನು ಸಾಸಿವೆಯಷ್ಟು ಚುಕ್ಕಿ ಮಾಡಿದಳು. ನಿಲ್ಲಿಸುವ ಸಾಲನ್ನು ಬರೆಯಲೇ ಇಲ್ಲ. ಪಟ್ಟಿ ಬಿಚ್ಚಿದರೆ ತಾನೇ ನಿಲ್ಲುತ್ತದಲ್ಲ!

ಆದರೆ ಪಟ್ಟಿ ಹಾಕಬೇಕೆಂದರೆ ಗಾಜಿನ ಬಳೆ ತೆಗೆಯಬೇಕಿತ್ತು, ಅವು ಸಂಕೇತವನ್ನು ಕೆಡಿಸುತ್ತಿದ್ದವು. ಮುತ್ತೈದೆಯರು ಬರಿಗೈ ಮಾಡಿಕೊಳ್ಳಲು ಒಪ್ಪಲಿಲ್ಲ. ಆಗ ಕಂಪನಿಯ ಯಜಮಾನ ಎರ್ರಿಸ್ವಾಮಿಗೆ ಉಪಾಯ ಹೊಳೆಯಿತು. ಪಟ್ಟಿಯನ್ನು ಹಸಿರು ಬಳೆಯಂತೆ, ಚಿನ್ನದ ಗೆರೆ ಎಳೆದು ಮಾಡಿಸಿದ. ಹೆಂಗಸರು ಕುಂಕುಮ ಹಚ್ಚಿ ತೊಟ್ಟುಕೊಂಡರು. ಎಲ್ಲರೂ ಚಪ್ಪಾಳೆ ಹೊಡೆದರು, ನಾಗವೇಣಿಯೂ ಹೊಡೆದಳು. ತೊಟ್ಟ ಬಳೆಯನ್ನು ಯಾವ ಮುತ್ತೈದೆ ಸಂಜೆಯಾಯಿತೆಂದು ಬಿಚ್ಚಿಡುತ್ತಾಳೆ? ಆ ಮನೆಯಲ್ಲೇ ಬೆಳೆದ ಹುಡುಗಿಗೆ ಅದು ಹೊಳೆಯಲಿಲ್ಲ. ಅವಳ ಕೈಯಲ್ಲಿ ಬಳೆ ಇರಲಿಲ್ಲ, ವಾಚಿತ್ತು.

ಹನ್ನೊಂದು ತಿಂಗಳು ಏನೂ ಆಗಲಿಲ್ಲ, ಯಾಕೆಂದರೆ ಮೆಷಿನ್ನಿನ ಅದುರು ತಾಗಿದಾಗ ಮಾತ್ರ ಸರ್ವೀಸ್ ತಾನಾಗಿ ಹೊಲಿಗೆಯ ಅಪ್ಪಣೆ ಕೊಡುತ್ತಿತ್ತು. ಮೆಷಿನ್ನಿಲ್ಲದೆ ದಾರ ಕತ್ತರಿಸುವವರಿಗೂ ಅನುಕೂಲವಾಗಲೆಂದು ನಿನ್ನೆ ಶನಿವಾರ ರಾತ್ರಿ ಅವಳು ಹೊಸ ಆವೃತ್ತಿ ಕಳಿಸಿದ್ದಳು. ಈಗ ಅದುರು ಬೇಕಿರಲಿಲ್ಲ. ಬೆರಳಿಗೆ ಬಟ್ಟೆಯ ಅಂಚು ಸಿಕ್ಕರೆ ಸಾಕಿತ್ತು.

ಜಗತ್ತಿನಲ್ಲಿ ಎಲ್ಲೆಲ್ಲಿ ಬಟ್ಟೆಯ ಅಂಚಿಲ್ಲ?

"ದೊಡ್ಡಪ್ಪ, ದೊಡ್ಡಮ್ಮನ ಹತ್ತಿರ ಏನೂ ಬಟ್ಟೆ ಇಡಬೇಡಿ. ಸೆರಗು ಸೊಂಟಕ್ಕೆ ಸಿಕ್ಕಿಸಿ. ನಾನು ಆಫೀಸಿಗೆ ಹೋಗಿಬರ್ತೀನಿ," ಎಂದು ನಾಗವೇಣಿ ಗಾಡಿ ಹತ್ತಿದಳು.

ಓಣಿಯ ತಿರುವಿನಲ್ಲಿ ಒಬ್ಬಳು ಒಣಹಾಕಿದ ಸೀರೆಯ ಮುಂದೆ ನಿಂತು, ಹಗ್ಗದ ಮೇಲೆಯೇ ಅದರ ಅಂಚನ್ನು ಮಡಿಚಿ ಮಡಿಚಿ ತಳ್ಳುತ್ತಿದ್ದಳು. ಸುತ್ತ ನಿಂತ ನಾಲ್ಕು ಮಂದಿ ನಗುತ್ತಿದ್ದರು. ಅವಳ ಮುಖದಲ್ಲಿ ಮಾತ್ರ ನಗುವಿರಲಿಲ್ಲ.

ಆಫೀಸಿನ ಕಂಟ್ರೋಲ್ ರೂಮು ಎಂದರೆ ಮಹಡಿಯ ಒಂದು ಕೋಣೆ, ಗೋಡೆಗೊಂದು ದೊಡ್ಡ ಪರದೆ, ಮೂರು ಕುರ್ಚಿ. ಅವಳ ಸಹೋದ್ಯೋಗಿ ಇಮ್ತಿಯಾಜ್ ಎರಡು ಕಿವಿಗೂ ಫೋನ್ ಹಿಡಿದು ನಿಂತಿದ್ದ. ಪರದೆಯ ಮೇಲೆ ಸಾವಿರದ ಮುನ್ನೂರ ನಲವತ್ತು ಚುಕ್ಕಿ. ಒಂದೊಂದು ಚುಕ್ಕಿಯೂ ಒಂದು ಜೊತೆ ಕೈ. ರಜೆಯ ದಿನ ಅವು ಬೂದು ಬಣ್ಣದಲ್ಲಿರಬೇಕು. ಹೆಚ್ಚುಕಡಿಮೆ ಎಲ್ಲ ಹಸಿರಾಗಿದ್ದವು.

"ಬೆಳಿಗ್ಗೆಯಿಂದ ನೂರಾರು ಕಾಲ್," ಎಂದ ಇಮ್ತಿಯಾಜ್. "ಬಸ್ಸಿನಾಗ ಒಬ್ಬಾಕಿ ಕಂಡಕ್ಟರ್ ಅಂಗಿ ಹೊಲಿಯಾಕ ನಿಂತಾಳಂತ. ಅಂವ ಪೊಲೀಸ್ ಕರೀತೀನಿ ಅಂತಾನ."

"ಬಳೆ ಬಿಚ್ಚಿ ಅಂತ ಎಲ್ಲರಿಗೂ ಮೆಸೇಜ್ ಹಾಕು."

"ಹಾಕಿ ಅರ್ಧ ತಾಸಾತು. ಬಿಚ್ಚಿದವರು ಇಪ್ಪತ್ತೆರಡು ಮಂದಿ, ಅವರೂ ದಿನಾ ರಾತ್ರಿ ಬಿಚ್ಚಿಡೋರಾ. ತಗೋ, ನೀನಾ ಮಾತಾಡು." ಅವನು ಒಂದು ಫೋನನ್ನು ಅವಳ ಕಿವಿಗೆ ಹಿಡಿದ.

ಆ ಕಡೆ ಗಂಡಸಿನ ದನಿ, ಹಿಂದೆ ಕೂಸಿನ ಚೀರಾಟ. "ಮೇಡಂ, ನನ್ನ ಹೆಂಡತಿ ಕೂಸಿನ ಅರಿವಿ ಬಿಡವಲ್ಲಳು. ಕೂಸು ಒಳಗ ಸುತ್ತಿಕೊಂಡಿತ್ತು, ಕಸಗೊಂಡೆ. ಈಗ ಹಾಸಿಗಿ ಹಿಡಕೊಂಡಾಳ. ಅಳಾಕ ಹತ್ಯಾಳ ಮೇಡಂ, ಕೈ ನಿಂದರವಲ್ಲವು."

"ಅವರ ಕೈಬಳೆ ತೆಗೀರಿ, ಎರಡೂ ಕೈದು, ಈಗಲೇ."

"ನಾನ ಹೆಂಗ ತಗೀಲಿ, ಮೇಡಂ? ನಾನ ಅಕಿ ಗಂಡ!"

ನಾಗವೇಣಿ ಫೋನ್ ಕೆಳಗಿಟ್ಟಳು. ಕುರ್ಚಿಯಲ್ಲಿ ಕೂತು ಆಪಿನ ಕೋಡ್ ತೆರೆದಳು. ಅಷ್ಟು ಹೊತ್ತಿಗೆ ಎರ್ರಿಸ್ವಾಮಿ ಓಡಿ ಬಂದ. ಯಾವುದೋ ಮದುವೆಯ ಊಟದಿಂದ ಎದ್ದು ಬಂದವನು, ಹಣೆಯ ಮೇಲೆ ಅಕ್ಷತೆಯ ಕಾಳು ಹಾಗೇ ಇತ್ತು.

"ಏನು ಮಾಡ್ತಿದ್ದೀಯಮ್ಮ?"

"ನಿಲ್ಲಿಸುವ ಸಾಲು ಬರೀತಿದ್ದೀನಿ, ಸರ್. ಎರಡು ನಿಮಿಷದಲ್ಲಿ ಎಲ್ಲ ಫೋನಿಗೂ ಮುಟ್ಟುತ್ತದೆ."

"ತಡಿ, ತಡಿ. ನರದ ಡಾಕ್ಟರನ್ನ ಒಂದು ಮಾತು ಕೇಳೋಣ. ನಾವು ಪರೀಕ್ಷೆ ಮಾಡಿದ್ದು ಮೂರು ತಿಂಗಳು, ಅದೂ ದಿನಕ್ಕೆ ನಾಲ್ಕು ತಾಸು. ಇವರು ಹನ್ನೊಂದು ತಿಂಗಳು ಬಿಚ್ಚೇ ಇಲ್ಲ ಅಂತ ಇಮ್ತಿಯಾಜ್ ಫೋನಲ್ಲಿ ಹೇಳಿದ. ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತೆ ಅಂತ ಯಾರಿಗೆ ಗೊತ್ತು?"

"ನಿಲ್ಲಿಸದಿದ್ದರೆ ಏನಾಗುತ್ತೆ ಅಂತ ನಾನು ನೋಡಿ ಬಂದೆ, ಸರ್. ಕತ್ತರಿ ನನ್ನ ಕೊರಳ ಹತ್ತಿರ ಬಂದಿತ್ತು."

ನಾಗವೇಣಿ ಒಂದೇ ಒಂದು ಸಾಲು ಬರೆದಳು, ಕಳಿಸಿದಳು.

ಪರದೆಯ ಚುಕ್ಕಿಗಳು ಮಾಗಿದ ಹಣ್ಣು ಉದುರಿದಂತೆ ಒಂದೊಂದಾಗಿ, ಆಮೇಲೆ ಗೊಂಚಲು ಗೊಂಚಲಾಗಿ ಬೂದುಬಣ್ಣಕ್ಕೆ ತಿರುಗಿದವು. ಕೊನೆಯ ಹಸಿರು ಚುಕ್ಕಿ ಆರಿದಾಗ ಇಮ್ತಿಯಾಜ್ ಎರಡೂ ಅಂಗೈ ಮುಖಕ್ಕೆ ಸವರಿಕೊಂಡ. ಫೋನುಗಳು ಸುಮ್ಮನಾದವು. ಮೂವರೂ ನೀರು ಕುಡಿದರು. "ಹೋದ ಜೀವ ಬಂತು," ಎಂದು ಎರ್ರಿಸ್ವಾಮಿ ನಗಲೂ ನಕ್ಕ.

ಹತ್ತು ನಿಮಿಷವೂ ಆಗಿರಲಿಲ್ಲ. ಒಂದು ಫೋನು ರಿಂಗಾಯಿತು. ಆಮೇಲೆ ಇನ್ನೊಂದು. ಆಮೇಲೆ ಎಲ್ಲವೂ. ಇಮ್ತಿಯಾಜ್ ಕೇಳಿಸಿಕೊಳ್ಳುತ್ತಾ ನಿಧಾನವಾಗಿ ಕುರ್ಚಿಗೆ ಕುಸಿದ.

"ಏನಂತಾರೆ?" ನಾಗವೇಣಿ ಕೇಳಿದಳು.

"ನೀರಿನ ಲೋಟ ಹಿಡಿಯಾಕ ಬರವಲ್ಲದಂತ," ಎಂದ ಅವನು. "ಎಲ್ಲಾರೂ ಅದನ್ನಾ ಹೇಳಾಕ ಹತ್ಯಾರ."

ಅವಳು ಮನೆಗೆ ಬಂದಾಗ ಹಂಪಮ್ಮ ಗೋಡೆಗೊರಗಿ ಕೂತಲ್ಲೇ ಕೂತಿದ್ದಳು. ಎರಡೂ ಕೈ ಮಡಿಲಲ್ಲಿ ಅಂಗಾತ ಬಿದ್ದಿದ್ದವು. ತೋಳು ಏಳುತ್ತಿತ್ತು, ಮಣಿಕಟ್ಟು ತಿರುಗುತ್ತಿತ್ತು, ಬೆರಳು ಮಾತ್ರ ಜೋತುಬಿದ್ದಿದ್ದವು. ಪಂಪಣ್ಣ ಎದುರಿಗೆ ಕುಕ್ಕರಗಾಲಲ್ಲಿ ಕೂತು ರೊಟ್ಟಿ ಮುರಿದು ಬಾಯಿಗಿಡುತ್ತಿದ್ದ. ಅರ್ಧ ಪಲ್ಯ ಅವಳ ಗದ್ದದ ಮೇಲಿತ್ತು.

"ನೋಡವ್ವ," ಎಂದಳು ಹಂಪಮ್ಮ. "ಮದುವ್ಯಾಗಿ ನಲವತ್ತು ವರ್ಷಾತು, ಒಂದು ತುತ್ತು ಕೊಟ್ಟಿದ್ದಿಲ್ಲ ಈ ಮನುಷ್ಯ. ಈಗ ಕೊಡಾಕ ಹತ್ಯಾನ, ನುಂಗಾಕ ಬಿಡವಲ್ಲ."

"ಬಾಯಿ ಒಂದು ಬಿದ್ದಿಲ್ಲ ನೋಡು ಇಕಿದು," ಎಂದ ಪಂಪಣ್ಣ. ಹಾಗೆಂದವನು ಮುಖ ತಿರುಗಿಸಿ ಪಂಚೆಯಲ್ಲಿ ಕಣ್ಣೊರೆಸಿಕೊಂಡ.

ನಾಗವೇಣಿ ಅವಳ ಬೆರಳು ಹಿಡಿದು ನೋಡಿದಳು. ಬೆಚ್ಚಗಿದ್ದವು. ಚಿವುಟಿದರೆ ನೋವು ತಿಳಿಯುತ್ತಿತ್ತು. "ಮಡಚು, ದೊಡ್ಡಮ್ಮ." ಹಂಪಮ್ಮ ಹಲ್ಲು ಕಚ್ಚಿದಳು, ಹಣೆಯ ನರ ಉಬ್ಬಿತು, ಬೆರಳು ಅಲುಗಲಿಲ್ಲ. "ಹೆಂಗ ಮಡಚತಿದ್ದೆ ಅನ್ನಾದಾ ಮರತೈತಿ ವೇಣಿ," ಎಂದಳು. ಅವಳ ದನಿಯಲ್ಲಿ ಮೊದಲ ಸಲ ನಿಜವಾದ ಭಯವಿತ್ತು.

ಮರುದಿನ ಪಟ್ಟಿಯ ಜಾಗಕ್ಕೆ ಗಾಜಿನ ಬಳೆ ತೊಡಿಸಿ ಕರೆದೊಯ್ದಾಗ ನರದ ಡಾಕ್ಟರು ಬಿಡಿಸಿ ಹೇಳಿದರು. ನಾವು ಓಡಾಡದ ಕಾಲುದಾರಿಯಲ್ಲಿ ಹುಲ್ಲು ಬೆಳೆಯುತ್ತದಲ್ಲ, ಇದೂ ಹಾಗೆಯೇ. ಹನ್ನೊಂದು ತಿಂಗಳು ಬೆರಳಿನ ದಾರಿಯಲ್ಲಿ ಸರ್ವೀಸ್ ಹಗಲೂ ರಾತ್ರಿ ಕಾವಲು ಕೂತಿತ್ತು. ಮನೆಗೆಲಸದ ಅಪ್ಪಣೆಗಳನ್ನೂ ಅದೇ ಎತ್ತಿಕೊಂಡು ಕೆಳಗೆ ದಾಟಿಸುತ್ತಿತ್ತು. ಮಿದುಳು ಪಿಸುಗುಟ್ಟಿದರೆ ಸಾಕಾಗಿತ್ತು. ಈಗ ಕೂಗಬೇಕು, ಕೂಗಲು ಅದಕ್ಕೆ ನೆನಪಿಲ್ಲ. ದಾರಿ ಮತ್ತೆ ಮೂಡಬಹುದು. ದಿನಾ ಅಭ್ಯಾಸ ಮಾಡಿಸಿದರೆ ಆರು ತಿಂಗಳು, ಒಂದು ವರ್ಷ. ಕೆಲವರಿಗೆ ಬರದೆಯೂ ಹೋಗಬಹುದು.

"ಪಟ್ಟಿ ಮತ್ತೆ ಹಾಕಿದರೆ?" ನಾಗವೇಣಿ ಕೇಳಿದ್ದಳು.

"ಕೈ ಅವತ್ತೇ ಆಡುತ್ತದೆ. ಆದರೆ ಆಮೇಲೆ ಅವರದ್ದೇ ದಾರಿ ಅಂತ ಏನೂ ಉಳಿಯುವುದಿಲ್ಲ."

ಹದಿನೈದು ದಿನ ನಾಗವೇಣಿ ಆಫೀಸಿನಲ್ಲೇ ಬಿದ್ದುಕೊಂಡು ಹೊಸ ಸರ್ವೀಸ್ ಕಟ್ಟಿದಳು. ಇದು ಜೇಬು ಹೊಲಿಯುವುದಷ್ಟೇ ಅಲ್ಲ, ಉಣ್ಣುವುದು, ತಲೆ ಬಾಚುವುದು, ಗುಂಡಿ ಹಾಕುವುದು, ರೊಟ್ಟಿ ತಟ್ಟುವುದು ಎಲ್ಲ ಬಲ್ಲದು. ಮನಸ್ಸಿನ ಪಿಸುಮಾತು ಕೇಳಿ ಕೈಗೆ ದಾಟಿಸುತ್ತದೆ, ಕೇಳದೆ ಏನನ್ನೂ ಮಾಡುವುದಿಲ್ಲ. ಮೊದಲ ವಾರ ಪಟ್ಟಿ ಕೇಳಿಸಿಕೊಂಡ ಒಂದೊಂದು ಹೆಂಗಸಿನ ಕೈಯೂ, ಅಂದರೆ ಅದರ ಒಂದೊಂದು ಅಪ್ಪಣೆಯೂ, ಕಂಪನಿಯ ಕಂಪ್ಯೂಟರಿನಲ್ಲಿ ಹಾಗೆಯೇ ಇತ್ತು. ಯಾರ ಕೈ ಯಾರಿಗೂ ಬದಲಾಗದಂತೆ ಅವಳು ಮೂರು ಸಲ ಪರೀಕ್ಷಿಸಿದಳು. ಈ ಸಲ ನಿಲ್ಲಿಸುವ ಸಾಲನ್ನೇ ಮೊದಲು ಬರೆದಳು.

ಎರ್ರಿಸ್ವಾಮಿ ಹಂಪಮ್ಮನ ಮನೆಗೆ ತಾನೇ ಬಂದ. ಅವಳು ಹೂಂ ಎಂದರೆ ಓಣಿಯ ಉಳಿದ ಹೆಂಗಸರೂ ಎನ್ನುತ್ತಾರೆಂದು ಅವನಿಗೆ ಗೊತ್ತಿತ್ತು. ಅರ್ಧ ಮಂದಿಗೆ ಜೇಬು ಹೊಲಿಯಲು ಕಲಿಸಿದವಳೇ ಅವಳು. ಚಾಪೆಯ ಮೇಲೆ ಕೂತು, ಸಂಕೋಚದಿಂದ ಕೆಂಪು ಡಬ್ಬಿ ತೆರೆದ. ಒಳಗೆ ಹೊಸ ಜೋಡಿ.

"ಹಂಪಮ್ಮೋರೆ, ತಪ್ಪಾಗೈತ್ರಿ. ಆದ ತಪ್ಪು ತಿದ್ದಾಕ ಬಂದೀನಿ. ಇದು ಜೀವಮಾನಪೂರ್ತಿ ನಿಮಗ ಉಚಿತ. ಒಮ್ಮೆ ಹಾಕ್ಕೊಂಡರೆ ಸಾಕು, ಆಪ್ ತೆರೆಯೋದೂ ಬೇಡ, ಏನನ್ನೂ ಒತ್ತೋದೂ ಬೇಡ. ನಿಮ್ಮ ಕೈ ನಿಮಗ ವಾಪಸು."

"ನನ್ನ ಕೈ ಇಲ್ಲೇ ಅದಾವಲ್ಲಪ್ಪ," ಎಂದಳು ಹಂಪಮ್ಮ.

"ತೋರಿಸಮ್ಮ ನಾಗವೇಣಿ," ಎಂದ ಎರ್ರಿಸ್ವಾಮಿ.

ನಾಗವೇಣಿ ವಾಚು ಬಿಚ್ಚಿಟ್ಟು ಹೊಸ ಜೋಡಿಯನ್ನು ತಾನು ತೊಟ್ಟಳು. ಒಳಗೆ ತುಂಬಿದ್ದು ಹಂಪಮ್ಮನ ಕೈ. ಅವಳು ಒಲೆಯ ಮುಂದೆ ಕೂತು, ನಾದಿಟ್ಟ ಜೋಳದ ಹಿಟ್ಟಿನ ಉಂಡೆ ತೆಗೆದುಕೊಂಡಳು. ನಾಗವೇಣಿಗೆ ರೊಟ್ಟಿ ತಟ್ಟಲು ಬರುತ್ತಿರಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲೊಮ್ಮೆ, ಹದಿನೆಂಟರಲ್ಲೊಮ್ಮೆ ಕಲಿಸಲು ಹೋಗಿ ಹಂಪಮ್ಮ ಸೋತಿದ್ದಳು. ಅವಳು ತಟ್ಟಿದ್ದೆಲ್ಲ ಸೀಳಿಹೋಗುತ್ತಿತ್ತು. ತಟ್ಟಬೇಕು ಎಂದುಕೊಂಡಳು, ಅಷ್ಟೆ.

ಕೈ ಎದ್ದಿತು. ಚಟ್, ಚಟ್, ಚಟ್. ಉಂಡೆ ಅಗಲವಾಯಿತು, ತಾನೇ ತಿರುಗಿತು, ಚಂದ್ರನಂತೆ ದುಂಡಗಾಯಿತು. ಪ್ರತಿ ನಾಲ್ಕು ತಟ್ಟಿಗೊಮ್ಮೆ ಕಿರುಬೆರಳು ಸೆಟೆದು ಮೇಲೆದ್ದು ಅಂಚಿಗೊಂದು ಪೆಟ್ಟು ಕೊಟ್ಟಿತು. ಅದು ಹಂಪಮ್ಮನದೇ ಪೆಟ್ಟು. ಓಣಿಯಲ್ಲಿ ಹಾಗೆ ತಟ್ಟುವವಳು ಅವಳೊಬ್ಬಳೇ. ನಾಗವೇಣಿಯ ತೋಳಿನ ತುದಿಯಲ್ಲಿ ಇನ್ನೊಬ್ಬಳ ನಲವತ್ತು ವರ್ಷ ಕುಣಿಯುತ್ತಿತ್ತು. ಇದನ್ನು ತಾನೇ ಮಾಡಿದ್ದೆಂಬುದು ಗೊತ್ತಿದ್ದೂ, ಕೈ ಕೊಡವಿ ಎದ್ದು ಓಡಬೇಕೆನಿಸಿತು.

ಪಂಪಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಏ ಹಂಪವ್ವ," ಎಂದ ಪಿಸುದನಿಯಲ್ಲಿ, "ಅದು ನೀನಾ ಐತಿ."

ಹಂಪಮ್ಮ ಕಣ್ಣು ಕೀಲಿಸಿ ನೋಡುತ್ತಿದ್ದಳು. ಅವಳ ತುಟಿ ಬಿಳಿಚಿತ್ತು. ಸತ್ತವರು ಎದ್ದು ಬಂದು ಅಡಿಗೆಮನೆಯಲ್ಲಿ ಕೂತರೂ ಯಾರೂ ಹಾಗೆ ನೋಡಲಾರರು.

ನಾಗವೇಣಿ ರೊಟ್ಟಿ ಹಂಚಿಗೆ ಹಾಕಿ, ಪಟ್ಟಿ ಬಿಚ್ಚಿ, ಮೊಣಕಾಲೂರಿ ದೊಡ್ಡಮ್ಮನ ಮುಂದೆ ಬಂದಳು. "ಹಾಕ್ಕೊ, ದೊಡ್ಡಮ್ಮ. ಇನ್ನು ಹಂಗಾಗಲ್ಲ. ನಾನು ಎಲ್ಲ ನೋಡೀನಿ. ನಾಳೆಯಿಂದ ನೀನೇ ಉಣ್ಣಬಹುದು, ನೀನೇ ಜಡೆ ಹಾಕ್ಕೊಬಹುದು. ನಾನು ಬರೆದದ್ದರಿಂದ ಹೋದ ಕೈ ಇವು. ನಾನೇ ಕೊಡ್ತೀನಿ, ತಗೋ."

"ಇದೊಂದನ್ನ ನೋಡಿಲ್ಲ ನೀನು," ಎಂದಳು ಹಂಪಮ್ಮ.

ಬಲಗೈ ಎತ್ತಿ ಚಾಪೆಯ ಮೇಲಿಟ್ಟಳು. ಉಸಿರು ಬಿಗಿ ಹಿಡಿದಳು. ಕುತ್ತಿಗೆ ನಡುಗಿತು, ಕಣ್ಣಲ್ಲಿ ನೀರು ತುಂಬಿತು. ತೋರುಬೆರಳಿನ ತುದಿ ಜೋಳದ ಕಾಳಿನಷ್ಟು ಬಾಗಿ, ಮತ್ತೆ ನೆಟ್ಟಗಾಯಿತು.

"ನಿನ್ನೆ ಮಧ್ಯಾಹ್ನದಿಂದ," ಎಂದಳು ಏದುಸಿರಿನಲ್ಲಿ. "ಇದು ನಾನು ಮಾಡಿದ್ದು. ಬಳಿ ಹಾಕ್ಕೊಂಡರ ಇದು ಉಳಿತೈತೇನು?"

ನಾಗವೇಣಿ ಎರ್ರಿಸ್ವಾಮಿಯ ಮುಖ ನೋಡಿದಳು. ಅವನು ಡಬ್ಬಿಯ ಮುಖ ನೋಡಿದ.

"ಉಳಿಯಲ್ಲ," ಎಂದಳು ನಾಗವೇಣಿ.

"ಒಂದು ಬೆರಳ ತುದಿ ಹಿಡಕೊಂಡು ಏನು ಮಾಡ್ತೀರಿ, ಹಂಪಮ್ಮೋರೆ?" ಎರ್ರಿಸ್ವಾಮಿ ಮೆಲ್ಲಗೆ ಕೇಳಿದ. "ವರ್ಷ ಹಿಡಿಬಹುದು. ಬರದೇನೂ ಇರಬಹುದು. ಇದು ಇವತ್ತಾ ಬರ್ತೈತಿ. ಪೂರಾ ಹತ್ತೂ ಬೆರಳು, ನಿಮ್ಮವಾ." ಅವನು ಹಸಿರು ಜೋಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಅವಳ ಮಣಿಕಟ್ಟಿನ ಹತ್ತಿರಕ್ಕೆ ತಂದ.

"ಹಾಕ್ಕೊ, ದೊಡ್ಡಮ್ಮ," ಎಂದಳು ನಾಗವೇಣಿ. "ನನ್ನ ಸಲುವಾಗಿ."

ಹಂಪಮ್ಮ ಬೆರಳು ಜೋತುಬಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡು, ಮಡಿಲಲ್ಲಿ ಇಟ್ಟುಕೊಂಡಳು.

"ಒಲ್ಲೆ," ಎಂದಳು.